ಕಾಯಿಸಿದಾಗ ನಿಜಕ್ಕೂ ಬದಲಾದದ್ದೇನು? ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಗುರುತಿಸುವ ಬಗೆ

ಏಳನೇ ತರಗತಿಯ ಯಾವ ಹುಡುಗನನ್ನಾದರೂ ನಿಲ್ಲಿಸಿ ಕೇಳಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

"ಭೌತ ಬದಲಾವಣೆ ಅಂದ್ರೇನಪ್ಪಾ?"

"ಮತ್ತೆ ಮೊದಲಿನ ಥರ ಮಾಡಬಹುದು ಸಾರ್."

"ರಾಸಾಯನಿಕ?"

"ಮಾಡಕ್ಕಾಗಲ್ಲ ಸಾರ್."

ಮಂಜುಗಡ್ಡೆ ಕರಗಿದ್ದು ಒಂದು ಉದಾಹರಣೆ, ಕಾಗದ ಉರಿದದ್ದು ಇನ್ನೊಂದು. ಅಂಕ ಸಿಕ್ಕಿತು, ಪಾಠ ಮುಗಿಯಿತು. ಆದರೆ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಇರುವ ಮನೆಯಲ್ಲಿ ಸಿಗುವ ನೀಲಿ ಹರಳು ಮೈಲುತುತ್ತ ಮತ್ತು ಎಲ್ಲರ ಮನೆಯಲ್ಲೂ ಇರುವ ರಾಗಿ ಹಿಟ್ಟು, ಇವೆರಡನ್ನೇ ಒಲೆಯ ಮೇಲಿಟ್ಟರೆ ಈ ಉತ್ತರ ನಿಲ್ಲುವುದಿಲ್ಲ. ಮೈಲುತುತ್ತವನ್ನು ಕಾಯಿಸಿ ಬಣ್ಣ ಹೋಗಿಸಬಹುದು, ನೀರು ಹಾಕಿ ಮತ್ತೆ ಬಣ್ಣ ತರಿಸಬಹುದು. ಆದರೂ ಅದು ರಾಸಾಯನಿಕ ಬದಲಾವಣೆ. ಮುದ್ದೆಯನ್ನು ಏನು ಮಾಡಿದರೂ ಮತ್ತೆ ಹಿಟ್ಟಾಗಿಸಲು ಬರುವುದಿಲ್ಲ. ಆದರೂ ಅಲ್ಲಿ ಹೊಸ ವಸ್ತು ಹುಟ್ಟಿದೆ ಎಂದು ತೋರಿಸುವುದು ಬಹಳ ಕಷ್ಟ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ಹಿಂದಕ್ಕೆ ಬರುತ್ತಾ?" ಅಲ್ಲ. "ಮೊದಲು ಇಲ್ಲದ ವಸ್ತು ಈಗ ಇದೆಯಾ?" ಎಂಬುದು. ಇದನ್ನು ಕಣ್ಣಳತೆಯಲ್ಲಿ ಹೇಳಲು ಆಗದು, ಪರೀಕ್ಷೆ ಮಾಡಿಯೇ ಹೇಳಬೇಕು. ಅದನ್ನು ಮನೆಯಲ್ಲಿ, ಶಾಲೆಯಲ್ಲಿ ಹೇಗೆ ಮಾಡುವುದು ಎಂಬುದಕ್ಕೆ ಈ ಬರಹ. ಮಕ್ಕಳಿಗೆ ಪಾಠ ಹೇಳುವವರನ್ನೂ ಮನೆಯಲ್ಲಿ ಓದಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಬೇಕಾಗುವ ಸಾಮಾನು

ಗ್ರಾಂನ ದಶಾಂಶ ತೋರಿಸುವ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಅರ್ಧ ಕೆಲಸ ಆದಂತೆ. ಮಿಕ್ಕದ್ದೆಲ್ಲ ಮನೆಯದೇ: ಒಣಗಿದ ಸ್ಟೀಲ್ ಬಾಣಲೆ, ಮುಚ್ಚಳ, ಇಕ್ಕಳ, ಗಾಜಿನ ಲೋಟಗಳು. ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ನೆರಳಲ್ಲಿ ಒಣಗಿಸಿ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಎಲೆಗೆ ಹಾಕುವ ಸುಣ್ಣವನ್ನು ನೀರಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿದು ಬಾಟಲಿಗೆ ತುಂಬಿ ಮುಚ್ಚಿಡಿ. ಮೆಡಿಕಲ್ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತನ್ನಿ.

ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲಿರಬೇಕು. ಪ್ಲಾಸ್ಟಿಕ್, ನುಸಿಗುಳಿಗೆ, ಒಡೆದ ಥರ್ಮಾಮೀಟರಿನ ಪಾದರಸ, ಇವನ್ನು ಯಾವ ಕಾರಣಕ್ಕೂ ಕಾಯಿಸಬೇಡಿ. ಪರೀಕ್ಷೆಗೆ ಬಳಸಿದ ಏನನ್ನೂ ರುಚಿ ನೋಡಬೇಡಿ.

ನಡೆಯಬೇಕಾದ ದಾರಿ

ಮೊದಲನೆಯದು, ಕಾಯಿಸುವ ಮೊದಲೇ ವಸ್ತುವಿನ ಗುಣಗಳನ್ನು ಬರೆದಿಡಿ. ಬಣ್ಣ, ವಾಸನೆ, ತೂಕ, ತಣ್ಣೀರಲ್ಲಿ ಕರಗುತ್ತದೆಯೇ, ಅರಿಶಿನ ಪಟ್ಟಿ ಏನು ಹೇಳುತ್ತದೆ (ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ). ಇದನ್ನು ಬಿಟ್ಟರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ತರಗತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತ ಇದೇ.

ಎರಡನೆಯದು, ಉರಿ ಸಣ್ಣಗಿರಲಿ. ಜೋರು ಉರಿಯಲ್ಲಿ ಕರಗುವುದು, ಆವಿಯಾಗುವುದು, ಸೀಯುವುದು ಎಲ್ಲ ಒಟ್ಟಿಗೇ ನಡೆದು ಯಾವುದು ಯಾವಾಗ ಆಯಿತು ಎಂಬುದೇ ತಿಳಿಯುವುದಿಲ್ಲ.

ಮೂರನೆಯದು, ಬಿಸಿಯಾಗಿರುವಾಗ ತೀರ್ಪು ಕೊಡಬೇಡಿ. ಪೂರ್ತಿ ಆರಲಿ. ಬಿಸಿಯಲ್ಲಿ ಕಾಣುವ ಬಣ್ಣ ಕಾವಿನದೇ ಇರಬಹುದು. ಕೆಂಪಗೆ ಕಾದ ಕಬ್ಬಿಣ ಆರಿದ ಮೇಲೆ ಕಬ್ಬಿಣವೇ. ಸತುವಿನ ಆಕ್ಸೈಡ್ ಕಾದಾಗ ಹಳದಿಯಾಗುತ್ತದೆ, ಆರಿದರೆ ಬೆಳ್ಳಗೆ ಮರಳುತ್ತದೆ.

ನಾಲ್ಕನೆಯದು, ಮತ್ತೆ ತೂಗಿ. ತೂಕ ಇಳಿದಿದ್ದರೆ ಹೋದದ್ದು ಏನು ಎಂದು ಕೇಳಿ, ಏರಿದ್ದರೆ ಬಂದು ಸೇರಿದ್ದು ಏನು ಎಂದು ಕೇಳಿ. ತೂಕ ಒಂದನ್ನೇ ನಂಬಿ ತೀರ್ಮಾನಿಸಲು ಬಾರದು. ಒದ್ದೆ ಬಟ್ಟೆಯೂ ಒಣಗಿದರೆ ಹಗುರಾಗುತ್ತದೆ, ಅಲ್ಲಿ ಹೊಸ ವಸ್ತುವೇನೂ ಇಲ್ಲ.

ಐದನೆಯದು, ಉಳಿದದ್ದರ ಮೇಲೆ ಮೊದಲಿನ ಪರೀಕ್ಷೆಗಳನ್ನೇ ಮತ್ತೆ ಮಾಡಿ. ತೀರ್ಪು ಇಲ್ಲಿ ಸಿಗುತ್ತದೆ.

ತೂಕದ ಬೆಲೆ ಏನೆಂದು ತೋರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ. ನೀರನ್ನು ಬಹಳ ಹೊತ್ತು ಕಾಯಿಸಿದರೆ ಅದು ಮಣ್ಣಾಗುತ್ತದೆ ಎಂದು ಅವನ ಕಾಲದವರು ನಂಬಿದ್ದರು. ಗಾಜಿನ ಪಾತ್ರೆಯಲ್ಲಿ ನೀರು ಕುದಿಸಿದಾಗ ತಳದಲ್ಲಿ ಪುಡಿ ಕೂರುತ್ತಿತ್ತಲ್ಲ, ಅದೇ ಅವರಿಗೆ ಸಾಕ್ಷಿ. 1768ರಲ್ಲಿ ಲಾವೋಸಿಯೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ನೀರಿಟ್ಟು 101 ದಿನ ಕಾಯಿಸಿದ. ಮೊದಲೂ ಕೊನೆಗೂ ತೂಗಿದ. ಒಟ್ಟು ತೂಕ ಬದಲಾಗಿರಲಿಲ್ಲ, ಗಾಜಿನ ಪಾತ್ರೆ ಮಾತ್ರ ಹಗುರಾಗಿತ್ತು. ಪುಡಿ ಬಂದದ್ದು ಗಾಜಿನಿಂದ, ನೀರು ನೀರಾಗಿಯೇ ಇತ್ತು. ಬರಿಗಣ್ಣಿಗೆ ರಾಸಾಯನಿಕ ಬದಲಾವಣೆಯಂತೆ ಕಂಡದ್ದನ್ನು ತಕ್ಕಡಿ ಅಲ್ಲಗಳೆಯಿತು.

ಮೊದಲ ಪ್ರಯೋಗ: ಕಲ್ಲುಪ್ಪು ಮತ್ತು ಅಡುಗೆ ಸೋಡಾ

ಇವೆರಡನ್ನು ಜೋಡಿಯಾಗಿಯೇ ಮಾಡಿ. ಒಂದು ಗದ್ದಲ ಮಾಡಿ ಏನೂ ಆಗದ ವಸ್ತು, ಇನ್ನೊಂದು ಸದ್ದಿಲ್ಲದೆ ಪೂರ್ತಿ ಬದಲಾಗುವ ವಸ್ತು.

ಹತ್ತು ಗ್ರಾಂ ಕಲ್ಲುಪ್ಪನ್ನು ಒಣ ಬಾಣಲೆಗೆ ಹಾಕಿ ಮುಚ್ಚಿ ಕಾಯಿಸಿ. ಸ್ವಲ್ಪ ಹೊತ್ತಿಗೆ ಚಟಪಟ ಸಿಡಿಯಲು ಶುರುವಾಗುತ್ತದೆ. ಮುಚ್ಚಳ ಇಲ್ಲದಿದ್ದರೆ ಕಣ್ಣಿಗೂ ಹಾರಬಹುದು. ಇಷ್ಟು ಸದ್ದು ಕೇಳಿದ ಮಕ್ಕಳು "ರಾಸಾಯನಿಕ!" ಎಂದು ಕೂಗುತ್ತಾರೆ. ಆರಿಸಿ, ಮುಚ್ಚಳಕ್ಕೆ ಅಂಟಿದ್ದನ್ನೂ ಕೆರೆದು ಸೇರಿಸಿ ತೂಗಿ. ತೂಕ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ, ಇಳಿದರೂ ಚೂರು. ನೀರಲ್ಲಿ ಮೊದಲಿನಂತೆ ಕರಗುತ್ತದೆ, ಅರಿಶಿನ ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. ಉಪ್ಪಿನ ಹರಳೊಳಗೆ ಸಿಕ್ಕಿಕೊಂಡಿದ್ದ ನೀರಿನ ಹನಿ ಆವಿಯಾಗಿ ಹರಳನ್ನು ಒಡೆದಾಗ ಬಂದ ಸದ್ದು ಅದು. ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು, ಬಾಣಲೆಯಲ್ಲಿ ಅಷ್ಟು ಕಾವು ಬರುವುದಿಲ್ಲ.

ಈಗ ಹತ್ತು ಗ್ರಾಂ ಅಡುಗೆ ಸೋಡಾ. ಮೊದಲು ಒಂದು ಚಿಟಿಕೆ ತಣ್ಣೀರಲ್ಲಿ ಕದಡಿ ಅರಿಶಿನ ಪಟ್ಟಿ ಅದ್ದಿ, ಬಣ್ಣ ಬರೆದಿಡಿ. ಹಳದಿ ಸ್ವಲ್ಪ ಕಿತ್ತಳೆಯ ಕಡೆ ತಿರುಗಬಹುದು, ಅಷ್ಟೇ. ಬಿಸಿನೀರು ಬೇಡ, ಬಿಸಿನೀರಲ್ಲೂ ಸೋಡಾ ಒಡೆಯಲು ಶುರುಮಾಡುತ್ತದೆ. ತೂಗಿಟ್ಟ ಸೋಡಾವನ್ನು ಸ್ಟೀಲ್ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಸಣ್ಣ ಉರಿಯಲ್ಲಿ ಕಡ್ಡಿಯಿಂದ ಕೈಯಾಡಿಸುತ್ತ ಕಾಲು ಗಂಟೆಯಷ್ಟು ಕಾಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಕೊನೆಗೆ ಸಿಗುವ ವಸ್ತುವಿಗೆ ನೀರು ತಾಗಿದರೆ ಅಲ್ಯೂಮಿನಿಯಂ ಕೊರೆಯುತ್ತದೆ.

ಇಲ್ಲಿ ಹತ್ತಿರ ಕೂತು ನೋಡುವಂಥದ್ದಿದೆ. ಪುಡಿ ಒಂದು ಹದಕ್ಕೆ ಕಾದಾಗ ನೀರಿನ ಹಾಗೆ ಹರಿಯತೊಡಗುತ್ತದೆ. ಕಡ್ಡಿ ಆಡಿಸಿದ ಗುರುತು ನಿಲ್ಲುವುದಿಲ್ಲ, ಅಲ್ಲಲ್ಲಿ ಸಣ್ಣ ಸಣ್ಣ ಕುಳಿಗಳು ಬಿದ್ದು ಮುಚ್ಚುತ್ತವೆ. ಪುಡಿ ಕರಗಿಲ್ಲ. ಅದರೊಳಗಿಂದ ಅನಿಲ ಮೇಲೇಳುತ್ತಿದೆ, ಆ ಅನಿಲದ ಮೇಲೆ ಕಣಗಳು ತೇಲಾಡುತ್ತಿವೆ. ತಣ್ಣಗಿನ ಸ್ಟೀಲ್ ತಟ್ಟೆಯೊಂದನ್ನು ಮೇಲೆ ಹಿಡಿದರೆ ತಳಕ್ಕೆ ನೀರಿನ ಹನಿ ಕಟ್ಟುತ್ತದೆ. ಈ ಕುಳಿಗಳು ನಿಂತು ಪುಡಿ ಮತ್ತೆ ಒಣ ಪುಡಿಯಂತೆ ಕೂತಾಗ ಒಲೆ ಆರಿಸಿ.

ಬಣ್ಣ ನೋಡಿದರೆ ಅದೇ ಬಿಳಿ, ಏನೂ ಆಗಿಲ್ಲ ಅನ್ನಿಸುತ್ತದೆ. ತೂಗಿದರೆ ಹತ್ತು ಗ್ರಾಂ ಇದ್ದದ್ದು ಸುಮಾರು 6.3 ಗ್ರಾಂ. ತಣ್ಣೀರಲ್ಲಿ ಕದಡಿ ಪಟ್ಟಿ ಅದ್ದಿದರೆ ಆರತಿ ನೀರಿನ ಹಾಗೆ ಕೆಂಪು. ಅಡುಗೆ ಸೋಡಾ ಹೋಗಿ ಬಟ್ಟೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಬಂದಿದೆ. ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್ ಹಾರಿಹೋಗಿವೆ. ಶಾಲೆಯಲ್ಲಿ ಪ್ರನಾಳ, ಬಿರಡೆ, ಬಾಗಿದ ನಳಿಕೆ ಇದ್ದರೆ ಹೊರಬರುವ ಅನಿಲವನ್ನು ಸುಣ್ಣದ ತಿಳಿಗೆ ಹಾಯಿಸಿ, ತಿಳಿ ಹಾಲಿನಂತಾಗುತ್ತದೆ. ಒಲೆ ಆರಿಸುವ ಮೊದಲು ನಳಿಕೆಯನ್ನು ತಿಳಿಯಿಂದ ಹೊರಗೆ ತೆಗೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ತಣ್ಣನೆಯ ನೀರು ಬಿಸಿ ಗಾಜಿಗೆ ನುಗ್ಗಿ ಪ್ರನಾಳ ಒಡೆಯುತ್ತದೆ.

ಒಂದೇ ಪ್ರಯೋಗಕ್ಕೆ ಸಮಯ ಇದೆ ಅನ್ನುವವರು ಇದನ್ನೇ ಮಾಡಿ. ನನ್ನ ಲೆಕ್ಕದಲ್ಲಿ ಕಾಗದ ಸುಟ್ಟು ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ಇಲ್ಲಿ ಕಣ್ಣು ಹೇಳುವುದು ಒಂದು, ಪರೀಕ್ಷೆ ಹೇಳುವುದು ಇನ್ನೊಂದು.

ಎರಡನೇ ಪ್ರಯೋಗ: ಮೈಲುತುತ್ತ

ದ್ರಾಕ್ಷಿ ಬೆಳೆಯುವವರು ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡುವ ನೀಲಿ ಹರಳು ಇದೇ, ತಾಮ್ರದ ಸಲ್ಫೇಟ್. ವಿಷ. ಅಡುಗೆಮನೆಯ ಪಾತ್ರೆ ಬೇಡ. ಹೊಸ ಮಣ್ಣಿನ ಹಣತೆಯಲ್ಲಿ ಐದು ಗ್ರಾಂ ಪುಡಿ ಹಾಕಿ, ಹಣತೆಯನ್ನು ಅಡುಗೆಗೆ ಮತ್ತೆ ಬಳಸದ ಹಳೆಯ ಕಬ್ಬಿಣದ ಕಾವಲಿಯ ಮೇಲಿಟ್ಟು ಮನೆಯ ಹೊರಗೆ, ಗಾಳಿಯಾಡುವ ಕಡೆ ಕಾಯಿಸಿ. ನೀಲಿ ಮಾಸುತ್ತ ಮಾಸುತ್ತ ಬೂದು ಬಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಜೋರಾಗಿ ಕಾಯಿಸುತ್ತ ಹೋದರೆ ಕಪ್ಪಾಗಿ, ಗಂಟಲು ಕೆರೆಯುವ ಗಂಧಕದ ಹೊಗೆ ಬರುತ್ತದೆ.

ಆರಿದ ತಕ್ಷಣ ತೂಗಿ, ತಡಮಾಡಿದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಐದು ಗ್ರಾಂ ಇದ್ದದ್ದು 3.2 ಗ್ರಾಂ ಆಸುಪಾಸು ಇರಬೇಕು. ಹೋದದ್ದು ಶೇ 36ರಷ್ಟು, ಎಲ್ಲ ನೀರು. ಇನ್ನು ಕೈಗವಸು ಹಾಕಿಕೊಂಡು, ಪೂರ್ತಿ ತಣ್ಣಗಾದ ಬಿಳಿ ಪುಡಿಗೆ ಎರಡು ಮೂರು ಹನಿ ನೀರು ಬಿಡಿ. ನೀಲಿ ತಟ್ಟನೆ ಬರುತ್ತದೆ. ಹಣತೆಯ ತಳ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ.

"ಹಾಗಾದ್ರೆ ಬರೀ ಒಣಗಿ ಮತ್ತೆ ನೆನೆದಿದ್ದಲ್ವಾ ಸಾರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಒಳ್ಳೆಯ ಪ್ರಶ್ನೆ. ಒದ್ದೆ ಮರಳು ಒಣಗಿದರೆ ಮರಳಿನ ಬಣ್ಣ ಹೋಗುವುದಿಲ್ಲ, ಒಣ ಮರಳಿಗೆ ನೀರು ಹಾಕಿದರೆ ಹೀಗೆ ಬಿಸಿಯೇಳುವುದಿಲ್ಲ. ನೀಲಿ ಹರಳಿನಲ್ಲಿ ಒಂದು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣುಗಳಿವೆ, ಅದರಲ್ಲಿ ನಾಲ್ಕು ತಾಮ್ರಕ್ಕೇ ಕಟ್ಟಿಕೊಂಡಿವೆ. ಆ ನೀಲಿ ಬಂದಿರುವುದೇ ಆ ಬಂಧದಿಂದ. ಕಾವು ಬಂಧವನ್ನು ಬಿಡಿಸಿತು, ನೀರು ಹನಿಸಿದಾಗ ಮತ್ತೆ ಕಟ್ಟಿತು, ಕಟ್ಟುವಾಗ ಶಾಖ ಹೊರಬಂತು. ಹಿಂದಕ್ಕೆ ತಿರುಗಿಸಲು ಬಂದರೂ ಇದು ರಾಸಾಯನಿಕವೇ. ಉಳಿದ ಪುಡಿಯನ್ನು ಬಚ್ಚಲಿಗೋ ಕೆರೆಗೋ ಚೆಲ್ಲಬೇಡಿ, ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೂ ಆಗುತ್ತದೆ.

ರಾಗಿ: ತೀರ್ಪು ಸುಲಭವಲ್ಲದ ಕಡೆ

ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಲೋಟದಲ್ಲಿಡಿ, ತಳಕ್ಕೆ ಕೂರುತ್ತದೆ. ಅಷ್ಟೇ ಹಿಟ್ಟು, ಅಷ್ಟೇ ನೀರು ಸೇರಿಸಿ ಅಂಬಲಿ ಕಾಯಿಸಿ ಇನ್ನೊಂದು ಲೋಟದಲ್ಲಿಡಿ, ಕೂರುವುದೇ ಇಲ್ಲ. ಸುಮಾರು 65ರಿಂದ 75 ಡಿಗ್ರಿಯಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಒಡೆದು ಹರಡುತ್ತವೆ. ಎಸರಿಗೆ ಹಿಟ್ಟು ಸುರಿದು ಕೋಲಲ್ಲಿ ತಿರುವಿದಾಗ ಮುದ್ದೆ ಗಟ್ಟಿಯಾಗುವುದು ಈ ಕಾರಣಕ್ಕೆ. ಇದು ಹಿಂದಕ್ಕೆ ಬರುವುದಿಲ್ಲ.

ಈಗ ಎರಡೂ ಲೋಟಗಳಿಂದ ಒಂದೊಂದು ಚಮಚ ಬೇರೆ ಬಟ್ಟಲಿಗೆ ತೆಗೆದು, ಬೇಯಿಸಿದ್ದು ಪೂರ್ತಿ ಆರಿದ ಮೇಲೆ, ನೀರು ಸೇರಿಸಿ ತೆಳುವಾಗಿಸಿ ಒಂದೊಂದು ಹನಿ ಅಯೋಡಿನ್ ಹಾಕಿ. ಎರಡೂ ಕಡೆ ಕಡುನೀಲಿ. ಪಿಷ್ಟ ಮೊದಲೂ ಪಿಷ್ಟ, ಈಗಲೂ ಪಿಷ್ಟ. ಬಿಸಿಯಿರುವಾಗಲೇ ಹಾಕಿದರೆ ನೀಲಿ ಕಾಣದೇ ಹೋಗಬಹುದು, ಆರಿದ ಮೇಲೆ ತೀರ್ಪು ಅನ್ನುವ ಮಾತು ಇಲ್ಲೂ ಸಲ್ಲುತ್ತದೆ.

ಶಾಲೆಯ ಪುಸ್ತಕಗಳಲ್ಲಿ ಅಡುಗೆ ಬೇಯುವುದನ್ನು ಸಾಮಾನ್ಯವಾಗಿ ರಾಸಾಯನಿಕ ಬದಲಾವಣೆಯ ಸಾಲಿಗೇ ಸೇರಿಸಿರುತ್ತಾರೆ. ಪರೀಕ್ಷೆಯಲ್ಲಿ ಮಕ್ಕಳು ಹಾಗೆಯೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಅಡುಗೆಯಲ್ಲಿ ಪ್ರೋಟೀನು, ಸಕ್ಕರೆ, ಬಣ್ಣ, ಪರಿಮಳ ಎಲ್ಲ ಇವೆ, ಅವುಗಳಲ್ಲಿ ರಾಸಾಯನಿಕ ಬದಲಾವಣೆ ಆಗುವುದು ನಿಜ. ಆದರೆ ಪಿಷ್ಟ ಊದಿಕೊಳ್ಳುವ ಈ ಒಂದು ಹೆಜ್ಜೆಯನ್ನು "ಹಿಂದಕ್ಕೆ ಬರಲ್ಲ, ಅದಕ್ಕೇ ರಾಸಾಯನಿಕ" ಎಂದು ಕಲಿಸಬಾರದು. ಬೇಕಾದರೆ ಅದೇ ರಾಗಿಯನ್ನು ಹುರಿಹಿಟ್ಟಿಗೆ ಹುರಿದು ತೋರಿಸಿ. ಘಮ ಎದ್ದಾಗ ಹೊಸ ವಸ್ತುಗಳು ಹುಟ್ಟಿವೆ. ತಳ ಹತ್ತಿ ಸೀದು ಕರಿಯಾದಾಗ ಉಳಿದದ್ದು ಬಹುಪಾಲು ಇಂಗಾಲ. ಅಲ್ಲಿ ಯಾವ ಅನುಮಾನವೂ ಇಲ್ಲ.

ರೇಷ್ಮೆ ಗೂಡು

ಶಿಡ್ಲಘಟ್ಟದ ಕಡೆ ಗೂಡಿನಿಂದ ನೂಲು ಬಿಚ್ಚುವ ರೀಲರ್ ಮನೆಗಳಲ್ಲಿ ಗೂಡು ಬೇಯಿಸುವುದನ್ನು ಮಕ್ಕಳು ದಿನಾ ನೋಡುತ್ತಾರೆ. ಕೇಳಿ ನೋಡಿ, "ಗೂಡು ಬೇಯುವುದು ಯಾವ ಬದಲಾವಣೆ?" ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ, ಒಳಗೆ ಫೈಬ್ರಾಯಿನ್, ಹೊರಗೆ ಅಂಟಿನಂಥ ಸೆರಿಸಿನ್. ಎಳೆಯ ತೂಕದಲ್ಲಿ ಶೇ 20ರಿಂದ 30ರಷ್ಟು ಈ ಅಂಟು. ಬಿಸಿನೀರಲ್ಲಿ ಅಂಟು ಮೆತ್ತಗಾಗಿ ಒಂದಿಷ್ಟು ಕರಗುತ್ತದೆ, ಎಳೆ ಬಿಡಿಸಲು ಬರುತ್ತದೆ. ಗೂಡನ್ನು ಮತ್ತೆ ಕಟ್ಟಲು ಯಾರಿಂದಲೂ ಆಗದು, ಆದರೂ ಎಳೆ ಅದೇ ಎಳೆ. ಇದು ಬಹುಮಟ್ಟಿಗೆ ಭೌತ ಬದಲಾವಣೆ. ಒಳಗಿನ ಹುಳ ಬೇಯುವುದು ಬೇರೆ ಮಾತು. ಬಿಚ್ಚಿದ ನೂಲಿನ ತುಂಡನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಅದು ರಾಸಾಯನಿಕ.

ಎರಡೂ ಒಟ್ಟಿಗೇ ನಡೆಯುವಾಗ

ಮೇಣದಬತ್ತಿ ಎಲ್ಲರಿಗೂ ಗೊತ್ತು: ಮೇಣ ಕರಗಿ ಹರಿದು ಗಟ್ಟಿಯಾದದ್ದು ಭೌತ, ಬತ್ತಿಯ ತುದಿಯಲ್ಲಿ ಉರಿದದ್ದು ರಾಸಾಯನಿಕ. ಕರ್ಪೂರವೂ ಹಾಗೆಯೇ, ಮೆಲ್ಲನೆಯ ಕಾವಿಗೆ ಕರಗದೆ ನೇರ ಆವಿಯಾಗಿ ತಣ್ಣನೆ ಮುಚ್ಚಳಕ್ಕೆ ಬಿಳಿಯಾಗಿ ಕೂರುತ್ತದೆ, ಬೆಂಕಿ ಮುಟ್ಟಿಸಿದರೆ ಉರಿದು ಹೋಗುತ್ತದೆ. ಆವಿಗೂ ಬೆಂಕಿ ಹತ್ತುವುದರಿಂದ ಇದನ್ನು ಜ್ವಾಲೆಯ ಮೇಲೆ ಮಾಡಬೇಡಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಮಾಡಿ.

ಬೆಣ್ಣೆ ಕಾಯಿಸುವುದು ಇವೆರಡಕ್ಕಿಂತ ಚೆನ್ನ, ಯಾಕೆಂದರೆ ಒಂದೇ ಪಾತ್ರೆಯಲ್ಲಿ ಮೂರು ಹೆಜ್ಜೆ ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲು ಬೆಣ್ಣೆ ಕರಗುತ್ತದೆ. ಆಮೇಲೆ ಗುಳುಗುಳು ಶಬ್ದ, ಬೆಣ್ಣೆಯೊಳಗಿನ ನೀರು ಕುದಿದು ಹೋಗುವ ಶಬ್ದ. ಸದ್ದು ಅಡಗಿದ ಮೇಲೆ ತಳದ ಹಾಲಿನ ಅಂಶ ಕೆಂಪಗಾಗಿ ತುಪ್ಪದ ಘಮ ಬರುತ್ತದೆ. ಮೊದಲೆರಡು ಭೌತ, ಮೂರನೆಯದು ರಾಸಾಯನಿಕ. "ಬೆಣ್ಣೆ ತುಪ್ಪವಾಗುವುದು ಯಾವ ಬದಲಾವಣೆ?" ಎಂದು ಒಂದೇ ಪದದ ಉತ್ತರ ಕೇಳುವುದೇ ತಪ್ಪು. ಯಾವ ಹೆಜ್ಜೆ ಎಂದು ಕೇಳಬೇಕು.

ನೀರು ಕುದಿಯುವುದರ ಬಗ್ಗೆ ಒಂದು ಮಾತು. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ಕಾವು ಬೇರೆಯಾದ ಮಾತ್ರಕ್ಕೆ ನೀರು ಬೇರೆಯಾಗಲಿಲ್ಲ, ಗಾಳಿಯ ಒತ್ತಡ ಕಡಿಮೆ, ಅಷ್ಟೇ.

ಲೋಹ

ತಾಮ್ರದ ತಂತಿಯ ಪ್ಲಾಸ್ಟಿಕ್ ಸುಲಿದು, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ. ಮೋಟಾರಿನ ತಂತಿ ಬೇಡ, ಅದಕ್ಕೆ ಬಣ್ಣದ ಲೇಪ ಇರುತ್ತದೆ. ಆರಿದ ಮೇಲೂ ಕಪ್ಪು ಹೋಗುವುದಿಲ್ಲ. ಅದು ಮಸಿಯೋ ಅಲ್ಲವೋ ನೋಡಲು ಬಟ್ಟೆಯಿಂದ ಒರೆಸಿ, ಮಸಿಯಾದರೆ ಬಟ್ಟೆಗೆ ಹತ್ತುತ್ತದೆ. ಉಳಿದ ಕಪ್ಪು ತಾಮ್ರದ ಆಕ್ಸೈಡ್. ಹುಣಸೆಹಣ್ಣಿನಿಂದ ಉಜ್ಜಿದರೆ ತಾಮ್ರ ಮತ್ತೆ ಫಳಫಳ. ಹಿಂದಕ್ಕೆ ಬಂತು ಎಂದುಕೊಳ್ಳಬೇಡಿ. ಕಪ್ಪು ಪದರ ಹುಣಸೆಯ ಹುಳಿಯಲ್ಲಿ ಕರಗಿಹೋಗಿ ಅಡಿಯ ಹೊಸ ತಾಮ್ರ ಕಂಡಿದೆ, ತಂತಿ ಅಷ್ಟು ಸವೆದಿದೆ.

ಕಮ್ಮಾರರ ಕುಲುಮೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. ಎತ್ತಿನಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವಾಗ ಪಟ್ಟಿಯನ್ನು ಕಾಯಿಸುತ್ತಾರೆ, ಅದು ಹಿಗ್ಗುತ್ತದೆ, ಗಾಲಿಗೆ ಕೂರಿಸಿ ನೀರೆರೆದರೆ ಕುಗ್ಗಿ ಬಿಗಿಯುತ್ತದೆ. ಇದು ಭೌತ. ಸುತ್ತಿಗೆ ಬಿದ್ದಾಗ ಉದುರುವ ಕರಿಯ ಹಕ್ಕಳೆ ಗಾಳಿಯ ಆಮ್ಲಜನಕ ಸೇರಿ ಆದ ಕಬ್ಬಿಣದ ಆಕ್ಸೈಡ್, ಇದು ರಾಸಾಯನಿಕ.

ಚಿನ್ನ ಮಾತ್ರ ಈ ತಂಟೆಗೆ ಬರುವುದಿಲ್ಲ. ಪಕ್ಕದ ಕೋಲಾರದ ಗಣಿಯಿಂದ ಬಂದದ್ದಿರಲಿ, ಎಲ್ಲಿಂದಲೇ ಬಂದದ್ದಿರಲಿ, 1,064 ಡಿಗ್ರಿಗೆ ಕರಗಿ ಆರಿದರೂ ಅದೇ ಚಿನ್ನ. 22 ಕ್ಯಾರೆಟ್ ಒಡವೆಯನ್ನು ಅಕ್ಕಸಾಲಿಗರು ಬೆಸೆಯುವಾಗ ಮೇಲ್ಮೈ ಕಪ್ಪಾಗುವುದುಂಟು. ಅದರಲ್ಲಿ ಚಿನ್ನ ಶೇ 91.6 ಮಾತ್ರ, ಮಿಕ್ಕದ್ದರಲ್ಲಿ ತಾಮ್ರವೂ ಇರುತ್ತದೆ. ಕಪ್ಪಾದದ್ದು ಆ ತಾಮ್ರ.

ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ

ಇದಕ್ಕೆ ಒಲೆಯೂ ಬೇಡ. ಇಟ್ಟಿಗೆ ಗೂಡಿನಿಂದ ಬಿಸಿಲಿಗೆ ಒಣಗಿದ ಹಸಿ ಇಟ್ಟಿಗೆಯ ತುಂಡು, ಸುಟ್ಟ ಇಟ್ಟಿಗೆಯ ತುಂಡು ತಂದು ಎರಡು ಬಕೆಟ್ ನೀರಿಗೆ ಹಾಕಿ ಮಾರನೇ ದಿನ ನೋಡಿ. ಹಸಿಯದು ಕರಗಿ ಕೆಸರಾಗಿರುತ್ತದೆ, ಅದೇ ಕೆಸರಿನಿಂದ ಮತ್ತೆ ಇಟ್ಟಿಗೆ ಕೊಯ್ಯಬಹುದು. ಬಿಸಿಲಿಗೆ ಹೋದದ್ದು ಕಣಗಳ ನಡುವಿನ ನೀರು ಮಾತ್ರ. ಗೂಡಿನಲ್ಲಿ ಸುಮಾರು 500ರಿಂದ 600 ಡಿಗ್ರಿ ದಾಟಿದಾಗ ಜೇಡಿಯ ಖನಿಜದೊಳಗೇ ಬಂಧಿಯಾಗಿದ್ದ ನೀರಿನ ಅಂಶವೂ ಬಿಟ್ಟುಹೋಗಿ ಬೇರೆ ಖನಿಜವಾಗುತ್ತದೆ, ಕಬ್ಬಿಣದ ಅಂಶ ಕೆಂಪು ಆಕ್ಸೈಡ್ ಆಗುತ್ತದೆ. ಸುಟ್ಟದ್ದನ್ನು ಕುಟ್ಟಿ ಪುಡಿಮಾಡಿ ನೀರು ಹಾಕಿ ಕಲಸಿದರೂ ಜೇಡಿಯಂತೆ ಅಂಟುವುದಿಲ್ಲ, ಮುದ್ದೆ ಕಟ್ಟುವುದಿಲ್ಲ. ಪುಡಿ ಮಾಡಿ ಕಲಸುವ ಈ ಹಂತವನ್ನು ಬಿಡಬೇಡಿ. ಬಕೆಟ್ಟಿನಲ್ಲಿ ಕರಗದೇ ಉಳಿದದ್ದು ಗಟ್ಟಿಯಾಗಿದೆ ಎಂದಷ್ಟೇ ಹೇಳುತ್ತದೆ, ಪುಡಿ ಅಂಟದೇ ಹೋದದ್ದು ವಸ್ತುವೇ ಬೇರೆ ಎಂದು ಹೇಳುತ್ತದೆ.

ಮಕ್ಕಳ ಪುಸ್ತಕದಲ್ಲಿ ಪ್ರತಿ ವಸ್ತುವಿನ ಮುಂದೆ "ಭೌತ" ಅಥವಾ "ರಾಸಾಯನಿಕ" ಎಂದು ಬರೆಸುವಾಗ ಪಕ್ಕದಲ್ಲೇ ಇನ್ನೊಂದು ಸಾಲು ಬರೆಸಿ: ಇದನ್ನು ಯಾವ ಪರೀಕ್ಷೆಯಿಂದ ಹೇಳುತ್ತಿದ್ದೇನೆ. ಆ ಸಾಲು ಖಾಲಿ ಬಿಟ್ಟ ಉತ್ತರಕ್ಕೆ ಅಂಕ ಕೊಡಬೇಡಿ, ಮತ್ತೆ ಒಲೆಯ ಮುಂದೆ ಕೂರಿಸಿ.